ಲಿಂಕ್ಡ್‌ಇನ್‌ನ ಶಿಫಾರಸು ಸೌಲಭ್ಯ: ಕೇಳುವ ರೀತಿಯಲ್ಲೇ ಇದೆ ಅದರ ಬೆಲೆ

ವೃತ್ತಿ ಸಂಪರ್ಕಗಳ ಜಾಲತಾಣವಾದ ಲಿಂಕ್ಡ್‌ಇನ್‌ನ ಪ್ರೊಫೈಲಿನಲ್ಲಿ ನಮ್ಮ ಬಗ್ಗೆ ನಾವೇ ಬರೆದುಕೊಂಡ ಸಾಲುಗಳೇ ಹೆಚ್ಚು. ಓದಿದ್ದು, ದುಡಿದದ್ದು, ಕಲಿತದ್ದು ಎಲ್ಲವನ್ನೂ ನಾವೇ ತುಂಬುತ್ತೇವೆ. ಅದರಲ್ಲಿ ಎಷ್ಟನ್ನು ನಂಬಬೇಕು ಎಂಬುದನ್ನು ಓದುವವರು ತಾವೇ ತೂಗಿ ನೋಡಿಕೊಳ್ಳಬೇಕು. ಪುಟದ ಕೆಳಗಡೆ ಇರುವ ಶಿಫಾರಸುಗಳ ವಿಭಾಗದಲ್ಲಿ ಮಾತ್ರ ನಮ್ಮ ಜತೆ ದುಡಿದ ಬೇರೊಬ್ಬರು ತಮ್ಮ ಹೆಸರು, ಭಾವಚಿತ್ರ ಮತ್ತು ಹುದ್ದೆಯ ಸಮೇತ ನಮ್ಮ ಬಗ್ಗೆ ಮಾತನಾಡುತ್ತಾರೆ. ಇಷ್ಟು ಉಪಯುಕ್ತವಾದ ಜಾಗವನ್ನು ನಮ್ಮಲ್ಲಿ ಅನೇಕರು ಖಾಲಿ ಬಿಟ್ಟಿರುತ್ತಾರೆ, ಇಲ್ಲವೇ ಯಾರಿಗೆ ಬೇಕಾದರೂ ಹೊಂದಿಕೊಳ್ಳುವ ಎರಡು ಸಾಲುಗಳಿಂದ ತುಂಬಿಸಿರುತ್ತಾರೆ. ಸಾಫ್ಟ್‌ವೇರ್ ತಂಡಗಳಿಗೆ ಜನರನ್ನು ಆರಿಸುವ ಸಂದರ್ಶನಗಳಲ್ಲಿ ಕುಳಿತವನಾಗಿ, ಸಹೋದ್ಯೋಗಿಗಳಿಗೆ ಶಿಫಾರಸು ಬರೆದುಕೊಟ್ಟವನಾಗಿ, ಅವರಿಂದ ಬರೆಸಿಕೊಂಡವನಾಗಿ ಈ ಸೌಲಭ್ಯವನ್ನು ಎಲ್ಲ ಕಡೆಯಿಂದಲೂ ನೋಡಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಸೌಲಭ್ಯ ಚೆನ್ನಾಗಿದೆ, ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ, ಆದರೆ ಗಟ್ಟಿಯಾದ ಶಿಫಾರಸು ಸಿಗುವುದು ನಾವು ಹೇಗೆ ಕೇಳುತ್ತೇವೆ ಎಂಬುದರ ಮೇಲೆ, ಮತ್ತು ಆ ಕೇಳುವ ಹಂತದಲ್ಲೇ ಲಿಂಕ್ಡ್‌ಇನ್ ತನ್ನ ಬಳಕೆದಾರರಿಗೆ ಅತ್ಯಂತ ಕಡಿಮೆ ನೆರವು ಕೊಡುತ್ತದೆ.

2003ರ ಮೇ ತಿಂಗಳಲ್ಲಿ ಆರಂಭವಾದ ಈ ಜಾಲತಾಣವನ್ನು 2016ರಲ್ಲಿ ಮೈಕ್ರೋಸಾಫ್ಟ್ 2,620 ಕೋಟಿ ಡಾಲರ್‌ಗೆ ಕೊಂಡುಕೊಂಡಿತು. 2023ರ ಹೊತ್ತಿಗೆ ಅದರ ಸದಸ್ಯರ ಸಂಖ್ಯೆ 100 ಕೋಟಿ ದಾಟಿತು. ಭಾರತದಲ್ಲಿಯೇ 10 ಕೋಟಿಗೂ ಹೆಚ್ಚು ಸದಸ್ಯರಿದ್ದು, ಅಮೆರಿಕವನ್ನು ಬಿಟ್ಟರೆ ಅತಿ ಹೆಚ್ಚು ಸದಸ್ಯರಿರುವುದು ಇಲ್ಲೇ. ಬೆಂಗಳೂರಿನ ಐಟಿ ವಲಯದಲ್ಲಂತೂ ಅರ್ಜಿ ಹಾಕಿದವರ ರೆಸ್ಯೂಮೆಯನ್ನು ತೆರೆಯುವ ಮೊದಲೇ ಅವರ ಪ್ರೊಫೈಲನ್ನು ಹುಡುಕಿ ನೋಡುವುದು ಅಭ್ಯಾಸವಾಗಿಬಿಟ್ಟಿದೆ. ಹೀಗಿರುವಾಗ ಅಲ್ಲಿ ನಮ್ಮ ಪರವಾಗಿ ಯಾರು ಏನು ಹೇಳಿದ್ದಾರೆ ಎಂಬುದು ಸಣ್ಣ ಸಂಗತಿಯಲ್ಲ.

ಸೌಲಭ್ಯದ ಕಾರ್ಯವಿಧಾನ ಸರಳವಾಗಿದೆ. ನಮ್ಮ ನೇರ ಸಂಪರ್ಕದಲ್ಲಿರುವವರನ್ನು, ಅಂದರೆ ಲಿಂಕ್ಡ್‌ಇನ್ ಮೊದಲ ಹಂತದ ಕನೆಕ್ಷನ್ ಎಂದು ಕರೆಯುವವರನ್ನು ಮಾತ್ರ ಕೇಳಬಹುದು. ಪ್ರೊಫೈಲಿನ ಶಿಫಾರಸು ವಿಭಾಗಕ್ಕೆ ಹೋಗಿ, ವ್ಯಕ್ತಿಯನ್ನು ಆರಿಸಿ, ಅವರಿಗೂ ನಮಗೂ ಇದ್ದ ಸಂಬಂಧವನ್ನು ಮತ್ತು ಆಗ ನಾವಿದ್ದ ಹುದ್ದೆಯನ್ನು ಗುರುತಿಸಿ, ಒಂದು ಸಂದೇಶದೊಂದಿಗೆ ಕೋರಿಕೆ ಕಳುಹಿಸಬೇಕು. ಅವರು 3,000 ಅಕ್ಷರಗಳ ಮಿತಿಯೊಳಗೆ ಬರೆದು ಕಳುಹಿಸಿದ್ದು ಮೊದಲು ನಮಗೆ ಬರುತ್ತದೆ. ನಾವು ಒಪ್ಪಿದರೆ ಮಾತ್ರ ಅದು ಪ್ರೊಫೈಲಿನಲ್ಲಿ ಕಾಣಿಸುತ್ತದೆ. ಬರೆದದ್ದನ್ನು ತಿದ್ದುವ ಅಧಿಕಾರ ನಮಗಿಲ್ಲ, ತಿದ್ದಿಕೊಡಿ ಎಂದು ಕೇಳಬಹುದಷ್ಟೆ. ಬೇಡವೆನಿಸಿದರೆ ಮರೆಮಾಡಬಹುದು. ಬರೆದವರೂ ಮುಂದೆ ಯಾವಾಗಲಾದರೂ ಅದನ್ನು ಪರಿಷ್ಕರಿಸಬಹುದು ಅಥವಾ ಅಳಿಸಿಹಾಕಬಹುದು.

ಈ ಏರ್ಪಾಡಿನಲ್ಲಿ ನನಗೆ ಬಹಳ ಮೆಚ್ಚುಗೆಯಾದದ್ದು ಸಂಬಂಧವನ್ನು ನಮೂದಿಸಲೇಬೇಕೆಂಬ ನಿಯಮ. ಬರೆದವರು ನಮ್ಮ ಮ್ಯಾನೇಜರ್ ಆಗಿದ್ದರೇ, ಅದೇ ತಂಡದಲ್ಲಿದ್ದರೇ, ನಮ್ಮ ಕೈಕೆಳಗೆ ಕೆಲಸ ಮಾಡಿದವರೇ, ಗ್ರಾಹಕರೇ ಎಂಬುದು ಬರಹದ ಜತೆಗೇ ಕಾಣುತ್ತದೆ. ಬರೆದ ದಿನಾಂಕವೂ ಕಾಣುತ್ತದೆ. ಹೆಸರಿನ ಮೇಲೆ ಒತ್ತಿದರೆ ಅವರ ಇಡೀ ವೃತ್ತಿಜೀವನವೇ ತೆರೆದುಕೊಳ್ಳುತ್ತದೆ. ಕಾಗದದ ಮೇಲೆ ಟೈಪು ಮಾಡಿಸಿ ಸಹಿ ಹಾಕಿಸಿದ ಪ್ರಶಂಸಾಪತ್ರಗಳಿಗೆ ಈ ಗುಣ ಇರಲಿಲ್ಲ. ಹೇಳಿದವರು ಯಾರು, ಯಾವ ಅಧಿಕಾರದಿಂದ ಹೇಳುತ್ತಿದ್ದಾರೆ ಎಂಬುದನ್ನು ಓದುಗರು ಆ ಕ್ಷಣದಲ್ಲೇ ಪರೀಕ್ಷಿಸಬಹುದು. ತನ್ನ ಹೆಸರನ್ನು ಎಲ್ಲರಿಗೂ ಕಾಣುವಂತೆ ಒತ್ತೆಯಿಟ್ಟು ಬರೆಯುವವರು ಸಾಮಾನ್ಯವಾಗಿ ಎಚ್ಚರದಿಂದಲೇ ಬರೆಯುತ್ತಾರೆ.

2012ರಲ್ಲಿ ಲಿಂಕ್ಡ್‌ಇನ್ ಇನ್ನೊಂದು ಸೌಲಭ್ಯವನ್ನು ತಂದಿತು. ಒಬ್ಬರ ಕೌಶಲಗಳ ಪಟ್ಟಿಯಲ್ಲಿ ಜಾವಾ, ತಂಡ ನಿರ್ವಹಣೆ, ಮಾರಾಟ ಎಂಬಂತಹ ಪದಗಳ ಪಕ್ಕದಲ್ಲಿ ಒತ್ತಿ ಅನುಮೋದಿಸುವ ವ್ಯವಸ್ಥೆ ಅದು. ಒಂದು ಒತ್ತಿನಲ್ಲಿ ಮುಗಿಯುವ ಆ ಅನುಮೋದನೆಗೂ ಕುಳಿತು ಯೋಚಿಸಿ ಬರೆದ ಶಿಫಾರಸಿಗೂ ಹೋಲಿಕೆಯೇ ಇಲ್ಲ. ನಮ್ಮ ಜತೆ ಒಂದು ದಿನವೂ ಕೆಲಸ ಮಾಡದವರು ಸ್ನೇಹದ ಸಲುವಾಗಿ ಒತ್ತಿ ಹೋಗುವುದು ಸಾಮಾನ್ಯ. ಸಂದರ್ಶನಕ್ಕೆ ಕೂರುವ ಮುನ್ನ ನಾನು ಆ ಸಂಖ್ಯೆಗಳತ್ತ ಕಣ್ಣು ಹಾಯಿಸುವುದೇ ಇಲ್ಲ.

ಈಗ ಕೇಳುವ ವಿಷಯಕ್ಕೆ ಬರೋಣ. ಕೋರಿಕೆ ಕಳುಹಿಸುವ ಪುಟದಲ್ಲಿ ಸಂದೇಶದ ಜಾಗಕ್ಕೆ ಲಿಂಕ್ಡ್‌ಇನ್ ತಾನೇ ಒಂದು ಸಾಲನ್ನು ತುಂಬಿ ಕೊಡುತ್ತದೆ. ನನಗೊಂದು ಶಿಫಾರಸು ಬರೆದುಕೊಡುವಿರಾ ಎಂಬಷ್ಟೇ ಅದರ ಅರ್ಥ. ಇಡೀ ಸೌಲಭ್ಯದಲ್ಲಿ ಅತ್ಯಂತ ದುರ್ಬಲವಾದ ಭಾಗ ಇದೇ ಎಂದು ನಾನು ತಿಳಿದಿದ್ದೇನೆ. ಬಹಳಷ್ಟು ಜನ ಅದನ್ನು ಬದಲಿಸದೆ ಹಾಗೆಯೇ ಕಳುಹಿಸುತ್ತಾರೆ. ಪಡೆದವರ ಸ್ಥಿತಿಯನ್ನು ನೋಡಿ: ಮೂರು ವರ್ಷದ ಹಿಂದೆ ತಮ್ಮ ತಂಡದಲ್ಲಿದ್ದ ಹುಡುಗ ಏಕಾಏಕಿ ಬರೆದುಕೊಡಿ ಎನ್ನುತ್ತಿದ್ದಾನೆ, ಯಾವ ಕೆಲಸದ ಬಗ್ಗೆ, ಯಾರು ಓದಲೆಂದು, ಯಾವಾಗ ಬೇಕೆಂದು ಒಂದೂ ತಿಳಿಯದು. ಒಳ್ಳೆಯ ಮನಸ್ಸಿನವರು ನಾಳೆ ಬರೆಯೋಣವೆಂದು ಬದಿಗಿಡುತ್ತಾರೆ, ಆ ನಾಳೆ ಬರುವುದೇ ಇಲ್ಲ. ಇನ್ನೂ ಒಳ್ಳೆಯ ಮನಸ್ಸಿನವರು ಕೂಡಲೇ ಬರೆದುಬಿಡುತ್ತಾರೆ, ಮತ್ತು ನೆನಪಿಗೆ ಏನೂ ಬಾರದೆ ಇರುವುದರಿಂದ ಶ್ರಮಜೀವಿ, ಉತ್ತಮ ತಂಡದ ಸದಸ್ಯ, ಯಾವುದೇ ಸಂಸ್ಥೆಗೆ ಆಸ್ತಿಯಾಗಬಲ್ಲವರು ಎಂದು ಮುಗಿಸುತ್ತಾರೆ. ಎರಡೂ ಸಂದರ್ಭಗಳಲ್ಲಿ ತಪ್ಪು ಬರೆಯುವವರದಲ್ಲ.

ಅದರ ಬದಲು ಒಂದು ಕೋರಿಕೆ ಹೀಗಿದ್ದರೆ ಹೇಗಿರುತ್ತದೆ ನೋಡಿ. ನಮ್ಮ ಕಚೇರಿಗಳಲ್ಲಿ ಇದು ಇಂಗ್ಲಿಷಿನಲ್ಲೇ ಹೋಗುವುದು ಹೆಚ್ಚು, ಆದರೆ ಸಾರ ಇದು:

"ನಮಸ್ಕಾರ ಮೇಡಂ. ಹಳೆಯ ತಂಡ ಬಿಟ್ಟ ಮೇಲೆ ತಮ್ಮೊಂದಿಗೆ ಮಾತನಾಡಿ ಬಹಳ ದಿನವಾಯಿತು. ಇಷ್ಟು ದಿನ ಟೆಸ್ಟಿಂಗ್‌ನಲ್ಲಿದ್ದ ನಾನು ಈಗ ಸಾಫ್ಟ್‌ವೇರ್ ಬಿಡುಗಡೆಗಳ ನಿರ್ವಹಣೆಯ ಹುದ್ದೆಗಳಿಗೆ ಪ್ರಯತ್ನಿಸುತ್ತಿದ್ದೇನೆ. ಬಿಲ್ಲಿಂಗ್ ವ್ಯವಸ್ಥೆಯನ್ನು ಕ್ಲೌಡ್‌ಗೆ ಸಾಗಿಸಿದ ಆ ಆರು ತಿಂಗಳು ನನ್ನ ಕೆಲಸವನ್ನು ಹತ್ತಿರದಿಂದ ನೋಡಿದವರು ತಾವು. ಬಿಡುಗಡೆಯ ಹಿಂದಿನ ದಿನ ತಿಂಗಳ ಕೊನೆಯ ಲೆಕ್ಕ ಎರಡು ಬಾರಿ ಸೇರುತ್ತಿದ್ದದ್ದನ್ನು ಹಿಡಿದದ್ದು, ಆಮೇಲೆ ಮೂರು ತಂಡಗಳನ್ನು ಒಂದೇ ಕರೆಯಲ್ಲಿ ಕೂರಿಸಿ ಹೊಸ ದಿನಾಂಕ ನಿಗದಿ ಮಾಡಿದ್ದು ತಮಗೆ ನೆನಪಿದ್ದರೆ, ಆ ಬಗ್ಗೆ ನಾಲ್ಕು ಸಾಲು ಬರೆದುಕೊಡಲು ಸಾಧ್ಯವೇ? ತಮಗೆ ಆಗ ಬೇರೆ ರೀತಿ ಕಂಡಿದ್ದರೆ ಹಾಗೆಯೇ ಬರೆಯಿರಿ. ಈ ತಿಂಗಳ ಕೊನೆಯೊಳಗೆ ಸಿಕ್ಕರೆ ಉಪಕಾರವಾಗುತ್ತದೆ. ಕೆಲಸದ ಒತ್ತಡವಿದ್ದರೆ ಅಥವಾ ಬರೆಯುವುದು ಸರಿಯೆನಿಸದಿದ್ದರೆ ಖಂಡಿತ ಬೇಸರವಿಲ್ಲ."

ಇಷ್ಟು ಓದಿದ ಮ್ಯಾನೇಜರ್‌ಗೆ ಬರೆಯುವುದು ಹತ್ತು ನಿಮಿಷದ ಕೆಲಸ. ಯಾವ ಹುದ್ದೆಗೆ ಹೋಗುತ್ತಿದ್ದಾರೆಂದು ತಿಳಿದಿದೆ, ಯಾವ ಪ್ರಸಂಗವೆಂದು ನೆನಪಾಗಿದೆ, ಗಡುವು ಗೊತ್ತಾಗಿದೆ, ಬೇಡವೆನ್ನಲು ದಾರಿಯೂ ತೆರೆದಿದೆ. ಕೊನೆಯದು ಬಹಳ ಮುಖ್ಯ. ಮನಸ್ಸಿಲ್ಲದೆ ಒಪ್ಪಿಕೊಂಡವರು ಬರೆಯುವ ನೀರಸ ಸಾಲುಗಳು ಖಾಲಿ ಜಾಗಕ್ಕಿಂತ ಹೆಚ್ಚು ಹಾನಿ ಮಾಡುತ್ತವೆ, ಏಕೆಂದರೆ ನಿಮ್ಮನ್ನು ಚೆನ್ನಾಗಿ ಬಲ್ಲವರಿಗೇ ಹೇಳಲು ಏನೂ ಸಿಗಲಿಲ್ಲ ಎಂದು ಓದುವವರು ಅರ್ಥಮಾಡಿಕೊಳ್ಳುತ್ತಾರೆ. ಆದ್ದರಿಂದ ಕೋರಿಕೆಯ ಗುಂಡಿ ಒತ್ತುವ ಮೊದಲು ಒಂದು ಫೋನು ಮಾಡಿಯೋ, ಎದುರಿಗೆ ಸಿಕ್ಕಾಗ ವಿಚಾರಿಸಿಯೋ, ನನ್ನ ಕೆಲಸದ ಬಗ್ಗೆ ಖಚಿತವಾಗಿ ಬರೆಯುವಷ್ಟು ತಮಗೆ ಪರಿಚಯವಿದೆಯೇ ಎಂದು ಕೇಳಿಕೊಳ್ಳುವುದು ಒಳ್ಳೆಯದು. ಉತ್ತರ ಸ್ವಲ್ಪ ತಡವರಿಸಿ ಬಂದರೂ ಸಾಕು, ಅವರನ್ನು ಬಿಟ್ಟು ಬೇರೆಯವರತ್ತ ಹೋಗಬೇಕು.

ನಮ್ಮವರಲ್ಲಿ ಕೇಳುವುದಕ್ಕೇ ಒಂದು ಸಂಕೋಚ ಇದೆ. ಮೇಲಿನವರ ಬಳಿ ಹೋಗಿ ನನ್ನನ್ನು ಹೊಗಳಿ ಬರೆಯಿರಿ ಎನ್ನುವುದು ಸಣ್ಣತನವೆಂದು, ದುಡಿದದ್ದು ಕಾಣುವವರಿಗೆ ತಾನಾಗಿಯೇ ಕಾಣುತ್ತದೆಂದು ಕಲಿತು ಬೆಳೆದವರು ನಾವು. ಈ ಸಂಕೋಚವನ್ನು ನಾನು ಗೌರವಿಸುತ್ತೇನೆ, ಆದರೆ ಇಲ್ಲಿ ಅದು ಸಲ್ಲುವುದಿಲ್ಲ. ಹೊಗಳಿ ಎಂದು ಕೇಳುವುದಕ್ಕೂ, ನಾವಿಬ್ಬರೂ ಸೇರಿ ಮಾಡಿದ ಈ ಕೆಲಸದಲ್ಲಿ ನೀವು ಕಂಡದ್ದನ್ನು ದಾಖಲಿಸಿ ಎಂದು ಕೇಳುವುದಕ್ಕೂ ಬಹಳ ಅಂತರವಿದೆ. ಎರಡನೆಯದು ಸಾಕ್ಷಿ ಹೇಳಿರೆಂಬ ಕೋರಿಕೆ, ಮತ್ತು ಸಾಕ್ಷಿ ಕೇಳುವುದರಲ್ಲಿ ಅವಮಾನವೇನೂ ಇಲ್ಲ.

ಸಂಕೋಚದ ಇನ್ನೊಂದು ಮುಖವೂ ಇದೆ. "ನೀವೇ ಬರೆದು ಕಳಿಸಿಬಿಡಿ, ನಾನು ಹಾಕುತ್ತೇನೆ" ಎಂಬ ಮಾತನ್ನು ಕೇಳದ ಕನ್ನಡಿಗ ಉದ್ಯೋಗಿ ಅಪರೂಪ. ಎಂಜಿನಿಯರಿಂಗ್ ಕಾಲೇಜುಗಳಲ್ಲಿ ವಿದೇಶದ ಎಂ.ಎಸ್. ಪ್ರವೇಶಕ್ಕಾಗಿ ಪ್ರಾಧ್ಯಾಪಕರ ಪತ್ರ ಕೇಳಲು ಹೋದ ವಿದ್ಯಾರ್ಥಿಗಳು ಇದನ್ನು ಮೊದಲು ಕೇಳುತ್ತಾರೆ, ಆಮೇಲೆ ಅದೇ ರೂಢಿ ಕಚೇರಿಗೂ ಬರುತ್ತದೆ. ಕೇಳುವವರಿಗೂ ಇದು ಸುಲಭವೆನಿಸುತ್ತದೆ, ಬೇಕಾದದ್ದನ್ನು ಬೇಕಾದಂತೆ ಬರೆದುಕೊಳ್ಳಬಹುದಲ್ಲ. ಆದರೆ ಒಬ್ಬರೇ ಬರೆದ ನಾಲ್ಕು ಶಿಫಾರಸುಗಳು ನಾಲ್ಕು ಹೆಸರುಗಳ ಕೆಳಗೆ ಬಂದಾಗ ಅವುಗಳ ದನಿ ಒಂದೇ ಆಗಿರುತ್ತದೆ. ಅದೇ ಉದ್ದದ ವಾಕ್ಯಗಳು, ಅದೇ ವಿಶೇಷಣಗಳು, ಅದೇ ತಪ್ಪುಗಳು. ಸಾಲಾಗಿ ಓದುವವರಿಗೆ ಇದು ಕೂಡಲೇ ತಿಳಿಯುತ್ತದೆ. ಚಾಟ್‌ಜಿಪಿಟಿಯಂತಹ ಸಾಧನಗಳು ಬಂದ ಮೇಲೆ ಈ ಸಮಸ್ಯೆ ಇನ್ನೂ ಹೆಚ್ಚಾಗಿದೆ. ಭಾಷೆ ತಿದ್ದಿ ನಯವಾಗಿದೆ, ಹೇಳುವ ಸಂಗತಿ ಮಾತ್ರ ಆವಿಯಾಗಿದೆ. ನೀವೇ ಬರೆದು ಕಳಿಸಿ ಎಂದವರಿಗೆ ಸಿದ್ಧಪಡಿಸಿದ ಬರಹವನ್ನು ಕಳಿಸದೆ, ಮೂರು ಸಂಗತಿಗಳ ಟಿಪ್ಪಣಿಯನ್ನು ಕಳಿಸುವುದು ನನ್ನ ಸಲಹೆ. ನಾವು ಮಾಡಿದ ಕೆಲಸ, ಅದರಿಂದ ಆದ ಬದಲಾವಣೆ, ಅವರು ಆಗ ಹೇಳಿದ್ದ ಒಂದು ಮಾತು ನೆನಪಿದ್ದರೆ ಅದು. ಇಷ್ಟಿದ್ದರೆ ಅವರ ಕೈಯಿಂದ ಒಂದು ಸ್ವಂತ ವಾಕ್ಯವಾದರೂ ಹೊರಡುತ್ತದೆ.

ಒಳ್ಳೆಯ ಶಿಫಾರಸು ಹೇಗಿರುತ್ತದೆ ಎಂಬುದಕ್ಕೆ ಮೇಲಿನ ಕೋರಿಕೆಗೆ ಬರಬಹುದಾದ ಉತ್ತರವನ್ನೇ ಊಹಿಸಿಕೊಳ್ಳಿ. "ಬಿಡುಗಡೆಯನ್ನು ಮುಂದೂಡಬೇಕೆಂದು ಹೇಳಲು ಆ ಸಂಜೆ ನಮ್ಮಲ್ಲಿ ಯಾರಿಗೂ ಮನಸ್ಸಿರಲಿಲ್ಲ. ಅವರು ಐದು ಗ್ರಾಹಕರ ಬಿಲ್ಲುಗಳನ್ನು ಮುಂದಿಟ್ಟು, ಲೆಕ್ಕ ಎಲ್ಲಿ ಎರಡು ಬಾರಿ ಸೇರುತ್ತಿದೆ ಎಂದು ತೋರಿಸಿದ ಮೇಲೆ ಚರ್ಚೆ ಮುಗಿಯಿತು. ಕೆಟ್ಟ ಸುದ್ದಿಯನ್ನು ಆಧಾರದೊಂದಿಗೆ, ಯಾರನ್ನೂ ನೋಯಿಸದೆ ಹೇಳಬಲ್ಲವರು ಬೇಕೆಂದಾಗ ನಾನು ಮೊದಲು ನೆನೆಯುವ ಹೆಸರು ಅವರದು." ಶ್ರಮಜೀವಿ ಎಂಬ ಪದ ಇಲ್ಲಿ ಎಲ್ಲೂ ಇಲ್ಲ, ಆದರೂ ಶ್ರಮ ಕಾಣುತ್ತದೆ. ಮುಖ್ಯವಾಗಿ ಸಂದರ್ಶಕರಿಗೆ ಒಂದು ಪ್ರಶ್ನೆ ಸಿಕ್ಕಿತು: ಆ ಸಂಜೆ ಏನಾಯಿತು ಹೇಳಿ ಎಂದು ಅವರು ಮಾತು ಆರಂಭಿಸಬಹುದು. ನನ್ನ ಅನುಭವದಲ್ಲಿ ಶಿಫಾರಸಿನ ನಿಜವಾದ ಉಪಯೋಗ ಇಲ್ಲೇ ಇರುವುದು. ಅದನ್ನು ಓದಿ ಯಾರೂ ಕೆಲಸ ಕೊಟ್ಟುಬಿಡುವುದಿಲ್ಲ. ಸಂದರ್ಶನದ ಮಾತು ನಿಮಗೆ ಅನುಕೂಲವಾದ ನೆಲದಲ್ಲಿ ಆರಂಭವಾಗುತ್ತದೆ. ಒಂದು ಎಚ್ಚರಿಕೆ ಮಾತ್ರ ಅಗತ್ಯ: ಗ್ರಾಹಕ ಸಂಸ್ಥೆಯ ಹೆಸರು, ಒಪ್ಪಂದದ ಮೊತ್ತ, ಒಳಗಿನ ವ್ಯವಸ್ಥೆಯ ವಿವರಗಳು ಗೋಪ್ಯತೆಯ ಕರಾರಿಗೆ ಒಳಪಟ್ಟಿರುತ್ತವೆ, ಕೋರಿಕೆಯಲ್ಲಿಯೂ ಬರಹದಲ್ಲಿಯೂ ಅವು ಬರಬಾರದು.

ಯಾರನ್ನು ಕೇಳಬೇಕೆಂಬ ಪ್ರಶ್ನೆಗೆ ಹೆಚ್ಚಿನವರು ಹುದ್ದೆಯ ಎತ್ತರವನ್ನೇ ಉತ್ತರವಾಗಿಸಿಕೊಳ್ಳುತ್ತಾರೆ. ಉಪಾಧ್ಯಕ್ಷರೊಬ್ಬರು ಬರೆದ ಎರಡು ಸಾಲು, ದಿನವೂ ಪಕ್ಕದಲ್ಲಿ ಕುಳಿತ ಸಹೋದ್ಯೋಗಿ ಬರೆದ ಎರಡು ಪ್ಯಾರಾಗಿಂತ ತೂಕದ್ದೆಂದು ಭಾವಿಸುವುದು ತಪ್ಪು. ಈ ಬಗ್ಗೆ ಯೋಚಿಸಲು ಒಂದು ಅಧ್ಯಯನ ನೆರವಾಗುತ್ತದೆ. ಗಾಢವಲ್ಲದ ಪರಿಚಯಗಳೇ ಕೆಲಸ ಹುಡುಕುವಲ್ಲಿ ಹೆಚ್ಚು ನೆರವಾಗುತ್ತವೆ ಎಂದು ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರ್ಯಾನೊವೆಟರ್ 1973ರಲ್ಲಿ ವಾದಿಸಿದ್ದರು. ಲಿಂಕ್ಡ್‌ಇನ್‌ನ ಸುಮಾರು 2 ಕೋಟಿ ಸದಸ್ಯರ ಐದು ವರ್ಷಗಳ ದತ್ತಾಂಶವನ್ನು ಆಧರಿಸಿ 2022ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಆ ವಾದವನ್ನು ಪರೀಕ್ಷಿಸಿ, ತೀರಾ ಹತ್ತಿರವೂ ಅಲ್ಲದ ತೀರಾ ದೂರವೂ ಅಲ್ಲದ ಪರಿಚಯಗಳಿಂದ ಹೊಸ ಕೆಲಸ ಸಿಗುವ ಸಾಧ್ಯತೆ ಹೆಚ್ಚೆಂದು ತೋರಿಸಿತು. ಅಂದರೆ ಅವಕಾಶ ಬರುವುದು ನಮ್ಮನ್ನು ಅಷ್ಟಾಗಿ ಅರಿಯದವರಿಂದ. ನಮ್ಮ ಬಗ್ಗೆ ಖಚಿತವಾಗಿ ಹೇಳಬಲ್ಲವರು ಮಾತ್ರ ಹತ್ತಿರದವರು. ಇವರಿಬ್ಬರ ನಡುವಿನ ಅಂತರವನ್ನು ತುಂಬುವುದೇ ಶಿಫಾರಸಿನ ಕೆಲಸ. ಹತ್ತಿರದವರು ಕಂಡದ್ದನ್ನು ಬರೆದಿಟ್ಟರೆ, ದೂರದವರು ಅದನ್ನು ಓದಿ ಧೈರ್ಯದಿಂದ ನಮ್ಮ ಹೆಸರನ್ನು ಮುಂದಕ್ಕೆ ಕಳಿಸುತ್ತಾರೆ. ಹಾಗಾದರೆ ಕೇಳಬೇಕಾದದ್ದು ಹತ್ತಿರದಿಂದ ಕಂಡವರನ್ನೇ ಹೊರತು ದೊಡ್ಡ ಹುದ್ದೆಯವರನ್ನಲ್ಲ.

ನೇರ ಮ್ಯಾನೇಜರ್ ಒಬ್ಬರು, ಸಮಾನ ಹುದ್ದೆಯ ಒಬ್ಬರು, ಸಾಧ್ಯವಾದರೆ ಗ್ರಾಹಕರ ಕಡೆಯ ಒಬ್ಬರು ಬರೆದಿದ್ದರೆ ಓದುವವರಿಗೆ ವ್ಯಕ್ತಿಯ ಎಲ್ಲ ಬದಿಗಳೂ ಕಾಣುತ್ತವೆ. ತಂಡವನ್ನು ನಡೆಸಿದವರಾದರೆ, ತಮ್ಮ ಕೈಕೆಳಗೆ ದುಡಿದವರಿಂದ ಬರೆಸಿಕೊಂಡ ಒಂದು ಶಿಫಾರಸು ಎಲ್ಲಕ್ಕಿಂತ ಬೆಲೆಯುಳ್ಳದ್ದು ಎಂದು ನನಗನಿಸುತ್ತದೆ. ನಮ್ಮ ಕಚೇರಿಗಳಲ್ಲಿ ಕಿರಿಯರನ್ನು ಕೇಳುವುದು ರೂಢಿಯಲ್ಲಿಲ್ಲದ ಕಾರಣ ಅದು ಬಹಳ ವಿರಳವೂ ಹೌದು. ಆದರೆ ಅವರು ಇನ್ನೂ ನಿಮ್ಮ ಕೈಕೆಳಗೇ ಇರುವಾಗ ಕೇಳಬಾರದು. ಅವರ ಕೆಲಸದ ಮೌಲ್ಯಮಾಪನ, ಅಂದರೆ ಅಪ್ರೈಸಲ್, ನಿಮ್ಮ ಕೈಯಲ್ಲಿರುವಾಗ ಅವರು ಇಲ್ಲ ಎನ್ನಲಾರರು, ಹಾಗೆ ಬಂದ ಮಾತಿಗೆ ಅರ್ಥವೂ ಇರುವುದಿಲ್ಲ. ಅವರು ಬೇರೆ ತಂಡಕ್ಕೋ ಬೇರೆ ಸಂಸ್ಥೆಗೋ ಹೋದ ಮೇಲೆ ಕೇಳಿದರೆ ಬರೆಯುವ ಸ್ವಾತಂತ್ರ್ಯ ಅವರಿಗಿರುತ್ತದೆ.

ಮಹಿಳಾ ಸಹೋದ್ಯೋಗಿಗಳಿಗೆ ಬರೆಯುವವರು, ಅದಕ್ಕಿಂತ ಹೆಚ್ಚಾಗಿ ತಮಗಾಗಿ ಕೇಳುವ ಮಹಿಳೆಯರು, ಗಮನಿಸಬೇಕಾದ ಒಂದು ಸಂಗತಿಯನ್ನು ಇಲ್ಲಿ ಸೇರಿಸಲೇಬೇಕು. ಅಮೆರಿಕದ ವೈದ್ಯಕೀಯ ಕಾಲೇಜೊಂದರ ಅಧ್ಯಾಪಕ ಹುದ್ದೆಗಳಿಗೆ ಬಂದ 300ಕ್ಕೂ ಹೆಚ್ಚು ಶಿಫಾರಸು ಪತ್ರಗಳನ್ನು ಪರಿಶೀಲಿಸಿ 2003ರಲ್ಲಿ ಪ್ರಕಟವಾದ ಅಧ್ಯಯನವೊಂದು, ಮಹಿಳೆಯರಿಗಾಗಿ ಬರೆದ ಪತ್ರಗಳು ಸರಾಸರಿಯಲ್ಲಿ ಚಿಕ್ಕವಾಗಿದ್ದವು, ಅವರ ಶ್ರಮವನ್ನು ಹೊಗಳಿ ಸಾಧನೆಯನ್ನು ಕಡಿಮೆ ಹೇಳುತ್ತಿದ್ದವು, ಅನುಮಾನ ಹುಟ್ಟಿಸುವ ಮಾತುಗಳೂ ಅವುಗಳಲ್ಲಿ ಹೆಚ್ಚಿದ್ದವು ಎಂದು ತೋರಿಸಿತು. ನಮ್ಮ ಪ್ರೊಫೈಲುಗಳಲ್ಲಿಯೂ ಪುರುಷರಿಗೆ ಸಮಸ್ಯೆ ಬಿಡಿಸಿದವರು, ಮುನ್ನಡೆಸಿದವರು ಎಂಬ ಮಾತುಗಳು ಬರುವ ಕಡೆ ಮಹಿಳೆಯರಿಗೆ ಸೌಮ್ಯ ಸ್ವಭಾವ, ಸದಾ ನಗುಮುಖ, ಎಲ್ಲರೊಂದಿಗೂ ಹೊಂದಿಕೊಳ್ಳುವವರು ಎಂಬ ಮಾತುಗಳು ಬಂದಿರುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಬರೆದವರಿಗೆ ಕೆಟ್ಟ ಉದ್ದೇಶವಿರುವುದಿಲ್ಲ. ಆದರೆ ಹತ್ತು ಜನರ ತಂಡವನ್ನು ನಡೆಸಿದ ಹೆಣ್ಣುಮಗಳಿಗೆ ನಗುಮುಖದ ಪ್ರಶಂಸೆ ಸಿಕ್ಕರೆ ಅವಳಿಗೆ ಆದದ್ದು ನಷ್ಟವೇ. ಹಾಗಾಗಿ ಕೋರಿಕೆಯಲ್ಲೇ ಯಾವ ನಿರ್ಧಾರ, ಯಾವ ಫಲಿತಾಂಶ ಎಂಬುದನ್ನು ಹೆಸರಿಸುವುದು ಮಹಿಳೆಯರಿಗೆ ಇನ್ನೂ ಹೆಚ್ಚು ಅಗತ್ಯ, ಮತ್ತು ಬಂದ ಬರಹ ಸ್ವಭಾವದ ಹೊಗಳಿಕೆಯಲ್ಲೇ ನಿಂತಿದ್ದರೆ, ತಿದ್ದಿಕೊಡಿ ಎಂದು ಕೇಳಲು ಲಿಂಕ್ಡ್‌ಇನ್ ಕೊಟ್ಟಿರುವ ಅವಕಾಶವನ್ನು ಹಿಂಜರಿಯದೆ ಬಳಸಬೇಕು.

ಕೇಳುವ ಕಾಲದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಕೆಲಸ ಮುಗಿದು ಎಲ್ಲರಿಗೂ ಅದು ನೆನಪಿರುವಾಗಲೇ ಕೇಳುವುದು ಸರಿಯಾದ ಸಮಯ. ನೋಟಿಸ್ ಪೀರಿಯಡ್‌ನ ಕೊನೆಯ ವಾರದಲ್ಲಿ ಒಂದೇ ದಿನ ಎಂಟು ಜನರಿಗೆ ಕೋರಿಕೆ ಕಳಿಸಿದರೆ ಆ ದಿನಾಂಕಗಳು ಪ್ರೊಫೈಲಿನಲ್ಲಿ ಸಾಲಾಗಿ ನಿಲ್ಲುತ್ತವೆ, ನೋಡಿದವರಿಗೆ ವಿಷಯ ತಿಳಿಯುತ್ತದೆ. ಹಾಗೆಯೇ ನೀವು ನನಗೆ ಬರೆಯಿರಿ ನಾನು ನಿಮಗೆ ಬರೆಯುತ್ತೇನೆ ಎಂಬ ಕೊಡುಕೊಳ್ಳುವಿಕೆಯೂ ಮುಚ್ಚಿಡಲಾಗದ್ದು. ಪಡೆದದ್ದು ಮತ್ತು ಕೊಟ್ಟದ್ದು ಎರಡೂ ಪಟ್ಟಿಗಳು ಅಕ್ಕಪಕ್ಕದಲ್ಲೇ ಇರುತ್ತವೆ. ಕೇಳದೆಯೇ ಬರೆದುಕೊಡುವುದು ಇದಕ್ಕಿಂತ ಎಷ್ಟೋ ಮೇಲು. ಒಳ್ಳೆಯ ಕೆಲಸ ಮಾಡಿದ ಕಿರಿಯ ಸಹೋದ್ಯೋಗಿಗೆ ನಾವಾಗಿಯೇ ನಾಲ್ಕು ಸಾಲು ಬರೆದು ಕಳಿಸಿದರೆ ಅವರಿಗಾಗುವ ಸಂತೋಷ ದೊಡ್ಡದು, ಲಿಂಕ್ಡ್‌ಇನ್ ಅದಕ್ಕೂ ಅವಕಾಶ ಕೊಟ್ಟಿದೆ.

ಇನ್ನು ಸೌಲಭ್ಯದ ಮಿತಿಗಳು. ಮೊದಲನೆಯದು ಅದರ ಸ್ವಭಾವದಲ್ಲೇ ಇದೆ: ಬರೆಸಿಕೊಂಡವರು ಒಪ್ಪದೆ ಯಾವುದೂ ಪ್ರಕಟವಾಗದ ಕಾರಣ ಇಲ್ಲಿ ಪ್ರಶಂಸೆ ಬಿಟ್ಟು ಬೇರೇನೂ ಇರಲಾರದು. ಅಮೆರಿಕದ ವಿಶ್ವವಿದ್ಯಾಲಯಗಳು ಇದಕ್ಕೆ ವಿರುದ್ಧವಾದ ದಾರಿ ಹಿಡಿದಿವೆ. 1974ರ ಅಲ್ಲಿನ ಕಾಯ್ದೆ ವಿದ್ಯಾರ್ಥಿಗೆ ತನ್ನ ದಾಖಲೆಗಳನ್ನು ನೋಡುವ ಹಕ್ಕು ಕೊಟ್ಟಿದ್ದರೂ, ಅರ್ಜಿ ಹಾಕುವವರು ಶಿಫಾರಸು ಪತ್ರದ ಮಟ್ಟಿಗೆ ಆ ಹಕ್ಕನ್ನು ಬಿಟ್ಟುಕೊಡುವುದೇ ವಾಡಿಕೆ, ಏಕೆಂದರೆ ವಿದ್ಯಾರ್ಥಿ ನೋಡದ ಪತ್ರವನ್ನು ಓದುವವರು ಹೆಚ್ಚು ನಂಬುತ್ತಾರೆ. ಜರ್ಮನಿಯಲ್ಲಿ ಕೆಲಸ ಬಿಡುವಾಗ ಲಿಖಿತ ಪ್ರಮಾಣಪತ್ರ ಪಡೆಯುವುದು ಉದ್ಯೋಗಿಯ ಕಾನೂನುಬದ್ಧ ಹಕ್ಕು. ಅದು ಸತ್ಯವೂ ಆಗಿರಬೇಕು, ಉದ್ಯೋಗಿಯ ಮುಂದಿನ ದಾರಿಗೆ ಅಡ್ಡಿಯೂ ಆಗಬಾರದು. ಈ ಎರಡು ನಿಯಮಗಳ ನಡುವೆ ಅಲ್ಲೊಂದು ಸಂಕೇತ ಭಾಷೆಯೇ ಬೆಳೆದಿದೆ. ಕೆಲಸ ನಮಗೆ ತೃಪ್ತಿ ತಂದಿದೆ ಎಂದಷ್ಟೇ ಬರೆದರೆ ಅದು ಕಡಿಮೆ ದರ್ಜೆ. ಸದಾ ಸಂಪೂರ್ಣ ತೃಪ್ತಿ ತಂದಿದೆ ಎಂದರೆ ಒಳ್ಳೆಯ ದರ್ಜೆ. ಅಲ್ಲಿ ನೆಲೆಸಿರುವ ನಮ್ಮ ಎಂಜಿನಿಯರುಗಳು ಮೊದಲ ಪ್ರಮಾಣಪತ್ರವನ್ನು ಕೈಗೆ ತೆಗೆದುಕೊಂಡಾಗ ಬಲ್ಲವರಿಂದ ಓದಿಸಿಕೊಳ್ಳುವುದು ಈ ಕಾರಣಕ್ಕೆ. ಲಿಂಕ್ಡ್‌ಇನ್‌ನಲ್ಲಿ ಇಂತಹ ದರ್ಜೆಗಳಿಲ್ಲ. ಇಲ್ಲಿ ಒಳ್ಳೆಯದಕ್ಕೂ ಸಾಧಾರಣಕ್ಕೂ ವ್ಯತ್ಯಾಸ ತೋರಿಸುವುದು ವಿವರ ಒಂದೇ, ಆದ್ದರಿಂದಲೇ ವಿವರವನ್ನು ಕೇಳಿ ಪಡೆಯಬೇಕೆಂದು ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಎರಡನೆಯ ಮಿತಿ ಸಂಸ್ಥೆಗಳದ್ದು. ಹಳೆಯ ಉದ್ಯೋಗಿಯ ಬಗ್ಗೆ ಸೇರಿದ ದಿನಾಂಕ, ಬಿಟ್ಟ ದಿನಾಂಕ ಮತ್ತು ಹುದ್ದೆಯನ್ನು ಬಿಟ್ಟು ಬೇರೇನೂ ಹೇಳಕೂಡದೆಂಬ ನಿಯಮ ಅನೇಕ ಕಂಪನಿಗಳಲ್ಲಿದೆ, ಮತ್ತು ಕೆಲವು ಕಡೆ ಮ್ಯಾನೇಜರುಗಳು ಬಹಿರಂಗವಾಗಿ ಶಿಫಾರಸು ಬರೆಯುವುದಕ್ಕೂ ಅದು ಅನ್ವಯಿಸುತ್ತದೆ. ಆದ್ದರಿಂದ ಒಬ್ಬರು ಬರೆಯಲಿಲ್ಲವೆಂದ ಮಾತ್ರಕ್ಕೆ ಮನಸ್ಸು ಕೆಡಿಸಿಕೊಳ್ಳಬಾರದು. ಅಂತಹವರು ಫೋನಿನಲ್ಲಿ ಮಾತನಾಡಲು ಒಪ್ಪಬಹುದು, ಕೇಳಿ ನೋಡಬೇಕು. ಹಾಗೆಯೇ ಎಷ್ಟು ಒಳ್ಳೆಯ ಶಿಫಾರಸುಗಳಿದ್ದರೂ ಹಳೆಯ ಸಂಸ್ಥೆ ಕೊಡುವ ರಿಲೀವಿಂಗ್ ಲೆಟರ್ (ಕೆಲಸದಿಂದ ಬಿಡುಗಡೆಯ ಪತ್ರ), ಸಂಬಳದ ಚೀಟಿಗಳು, ಹಿನ್ನೆಲೆ ಪರಿಶೀಲನೆ ಯಾವುದೂ ತಪ್ಪುವುದಿಲ್ಲ.

ಮೂರನೆಯದಾಗಿ, ಭಾಷೆ. 2021ರಲ್ಲಿ ಹಿಂದಿಯನ್ನು ಸೇರಿಸಿದ ಲಿಂಕ್ಡ್‌ಇನ್ 2024ರಲ್ಲಿ ತೆಲುಗು, ಮರಾಠಿ, ಬಂಗಾಳಿ ಮತ್ತು ಪಂಜಾಬಿಗಳನ್ನೂ ಸೇರಿಸಿತು. ಬೆಂಗಳೂರಿನಲ್ಲೇ ಕಚೇರಿಯಿದ್ದರೂ ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ ಎಂಬುದು ನನಗೆ ನೋವಿನ ಸಂಗತಿ. ಹಾಗಿದ್ದರೂ ಶಿಫಾರಸನ್ನು ಕನ್ನಡದಲ್ಲಿ ಬರೆಯಲು ಅಡ್ಡಿಯಿಲ್ಲ, ಲಿಪಿ ಸರಿಯಾಗಿ ಮೂಡುತ್ತದೆ. ಅನುವಾದಕರು, ಪತ್ರಕರ್ತರು, ಕನ್ನಡ ಮಾಧ್ಯಮದ ಶಿಕ್ಷಕರು, ಧ್ವನಿ ಕಲಾವಿದರು ತಮ್ಮ ಸಹೋದ್ಯೋಗಿಗಳನ್ನು ಕನ್ನಡದಲ್ಲೇ ಬರೆದುಕೊಡಿ ಎಂದು ಕೇಳಬೇಕು. ಅವರ ಕೆಲಸದ ಭಾಷೆಯಲ್ಲೇ ಬಂದ ಮಾತು ಅವರ ಕೆಲಸಕ್ಕೆ ಸಾಕ್ಷಿಯೂ ಆಗುತ್ತದೆ.

ಕೊನೆಯದಾಗಿ ಒಂದು ವಿಷಯವನ್ನು ಬಳಕೆದಾರರೆಲ್ಲರೂ ತಿಳಿದಿರಬೇಕು. ಯಾರಾದರೂ ನಿಮ್ಮನ್ನು ತಮ್ಮ ಸಂಪರ್ಕದಿಂದ ತೆಗೆದರೆ, ಅಥವಾ ನೀವು ಅವರನ್ನು ತೆಗೆದರೆ, ನಿಮ್ಮಿಬ್ಬರ ನಡುವಿನ ಶಿಫಾರಸುಗಳೂ ಅದರೊಂದಿಗೆ ಅಳಿದುಹೋಗುತ್ತವೆ. ಹಳೆಯ ಸಂಪರ್ಕಗಳನ್ನು ಒಟ್ಟಿಗೆ ತೆಗೆದುಹಾಕಿ ಪಟ್ಟಿಯನ್ನು ಚೊಕ್ಕಗೊಳಿಸುವ ಅಭ್ಯಾಸವಿರುವವರು ಇದನ್ನು ನೆನಪಿಡಬೇಕು. ಖಾತೆಯ ಗೋಪ್ಯತೆಯ ಆಯ್ಕೆಗಳಲ್ಲಿ ನಮ್ಮ ದತ್ತಾಂಶದ ಪ್ರತಿಯನ್ನು ಇಳಿಸಿಕೊಳ್ಳುವ ಅವಕಾಶವಿದೆ. ಪಡೆದ ಮತ್ತು ಕೊಟ್ಟ ಶಿಫಾರಸುಗಳೆರಡೂ ಅದರಲ್ಲಿ ಬರುತ್ತವೆ. ವರ್ಷಕ್ಕೊಮ್ಮೆಯಾದರೂ ಆ ಪ್ರತಿಯನ್ನು ತೆಗೆದು, ರಿಲೀವಿಂಗ್ ಲೆಟರ್ ಮತ್ತು ಅಂಕಪಟ್ಟಿಗಳನ್ನು ಇಟ್ಟಿರುವ ಕಡತದಲ್ಲೇ ಇಟ್ಟುಕೊಳ್ಳಿ.